ಅವರ್ಸೆಯ ಮೂಲದ ಪತ್ತೇದಾರ: ರಮಾಕಾಂತ ಕುಲಕರ್ಣಿಯವರ ನೆನಪು

ಮುಂಬಯಿ ಮಹಾನಗರದ ಲೋಕಲ್ ರೈಲುಗಳಲ್ಲಿ ಇಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ನಮ್ಮ ಮಕ್ಕಳು ಕೇಳುತ್ತಿರುವುದು ಹಾಡನ್ನೇ ಎಂದು ಭಾವಿಸಬೇಕಾಗಿಲ್ಲ. ನಡೆದುಹೋದ ಕೊಲೆಗಳ ಕಥೆಯನ್ನು, ಅವುಗಳ ತನಿಖೆಯನ್ನು, ಬೆರಳಚ್ಚು ಹಾಗೂ ರಕ್ತದ ಕಲೆಗಳ ವಿವರವನ್ನು ಕಂತುಕಂತಾಗಿ ಹೇಳುವ ಪಾಡ್‌ಕಾಸ್ಟ್‌ಗಳಿಗೆ ಈಗ ಕೇಳುಗರ ದೊಡ್ಡ ಬಳಗವೇ ಇದೆ. ಅವುಗಳಲ್ಲಿ ಮುಂಬಯಿಯ ಪ್ರಸ್ತಾಪ ಬಂದಾಗಲೆಲ್ಲ ಒಂದು ಹೆಸರು ತಪ್ಪದೆ ಕೇಳಿಬರುತ್ತದೆ. ಅದು 1960ರ ದಶಕದಲ್ಲಿ ಈ ನಗರದ ಉಪನಗರಗಳ ನಿದ್ದೆಗೆಡಿಸಿದ ರಮಣ ರಾಘವನದು. ಕೊಂದವನ ಹೆಸರು ಮೂರು ತಲೆಮಾರಿನವರಿಗೂ ಗೊತ್ತಿದೆ. ಅವನ ವಿರುದ್ಧ ನಡೆದ ತನಿಖೆಯ ನೇತೃತ್ವ ವಹಿಸಿ, ನ್ಯಾಯಾಲಯದ ಮುಂದೆ ನಿಲ್ಲಬಲ್ಲ ಸಾಕ್ಷ್ಯವನ್ನು ಕಟ್ಟಿಕೊಟ್ಟ ಅಧಿಕಾರಿಯ ಹೆಸರು ಮಾತ್ರ ನಮ್ಮಲ್ಲಿ ಅನೇಕರಿಗೆ ನೆನಪಿಲ್ಲ. ಆ ಅಧಿಕಾರಿ ರಮಾಕಾಂತ ಕುಲಕರ್ಣಿ. ಅವರ ಮೂಲ ನಮ್ಮ ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲೂಕಿನ ಅವರ್ಸೆ ಎಂಬುದು ಇನ್ನೂ ಕಡಿಮೆ ಜನರಿಗೆ ತಿಳಿದಿರುವ ಸಂಗತಿ. ಆದುದರಿಂದ ಈ ಬಾರಿ ಅವರ ಬದುಕನ್ನು ನಮ್ಮ ಓದುಗರ ಮುಂದಿಡಲು ನಾವು ಬಯಸುತ್ತೇವೆ.

ಅವರ್ಸೆಯು ಕಾರವಾರ ಮತ್ತು ಅಂಕೋಲೆಗಳ ನಡುವೆ, ಅರಬ್ಬೀ ಸಮುದ್ರದ ಸನಿಹದಲ್ಲಿರುವ ಊರು. ಕಾತ್ಯಾಯನಿ ಬಾಣೇಶ್ವರ ದೇವಸ್ಥಾನದ ಮೂಲಕ ಮುಂಬಯಿಯಲ್ಲಿ ನೆಲೆಸಿರುವ ಅನೇಕ ಕುಟುಂಬಗಳಿಗೆ ಅದು ಪರಿಚಿತವಾಗಿದೆ. ಉತ್ತರ ಕನ್ನಡವು 1862ರಲ್ಲಿ ಮದ್ರಾಸು ಪ್ರಾಂತದಿಂದ ಬೇರ್ಪಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಆ ಜಿಲ್ಲೆಯ ಜನರಿಗೆ ರಾಜಧಾನಿಯೆಂದರೆ ಮುಂಬಯಿಯೇ. ವಿದ್ಯೆಗೂ ನೌಕರಿಗೂ ಕೋರ್ಟು ಕಚೇರಿಗಳ ಕೆಲಸಕ್ಕೂ ಕಾರವಾರದ ಬಂದರಿನಿಂದ ಹಡಗು ಹತ್ತಿ ಇಲ್ಲಿಗೆ ಬರುವುದು ಆ ಕಾಲದ ವಾಡಿಕೆಯಾಗಿತ್ತು. ಕನ್ನಡ, ಕೊಂಕಣಿ, ಮರಾಠಿಗಳು ಒಂದೇ ಅಂಗಳದಲ್ಲಿ ಕೇಳಿಬರುವ ಆ ಕರಾವಳಿಯಿಂದ ಹೊರಟವರಿಗೆ ಮುಂಬಯಿ ತೀರ ಪರಸ್ಥಳವೆನಿಸುತ್ತಿರಲಿಲ್ಲ. ಕುಲಕರ್ಣಿಯವರ ಬದುಕು ಕೂಡ ಇದೇ ದಾರಿಯಲ್ಲಿ ಸಾಗಿತು. ಸ್ವಾತಂತ್ರ್ಯಾನಂತರದ ಮೊದಲ ಪೀಳಿಗೆಯ ಐ.ಪಿ.ಎಸ್. ಅಧಿಕಾರಿಗಳಲ್ಲಿ ಒಬ್ಬರಾಗಿ ಅವರು ಪೊಲೀಸ್ ಸೇವೆಗೆ ಸೇರಿದರು. 1968ರಲ್ಲಿ ಅವರು ಮುಂಬಯಿ ಪೊಲೀಸರ ಅಪರಾಧ ವಿಭಾಗದ, ಅಂದರೆ ಜನರ ಬಾಯಲ್ಲಿ ಕ್ರೈಂ ಬ್ರಾಂಚ್ ಎಂದೇ ಹೆಸರಾದ ವಿಭಾಗದ, ಉಪ ಪೊಲೀಸ್ ಆಯುಕ್ತರ ಹೊಣೆಯಲ್ಲಿದ್ದರು.

ಕುಲಕರ್ಣಿಯವರ ಹೆಸರನ್ನು ಮನೆಮಾತಾಗಿಸಿದ ಪ್ರಕರಣದ ಬೇರುಗಳು ಅದಕ್ಕೂ ಮೂರು ವರ್ಷ ಹಿಂದಿನವು. 1965 ಮತ್ತು 1966ರಲ್ಲಿ ಮಧ್ಯ ರೈಲ್ವೆಯ ಹಳಿಗಳಿಗೆ ಹತ್ತಿರವಾದ ಪೂರ್ವ ಉಪನಗರಗಳಲ್ಲಿ ರಾತ್ರಿಯ ವೇಳೆ ಗುಡಿಸಲು ಹಾಗೂ ಬಯಲಿನಲ್ಲಿ ಮಲಗಿದ್ದವರ ಮೇಲೆ ಸರಣಿ ಹಲ್ಲೆಗಳು ನಡೆದವು. ಹಲ್ಲೆಗೆ ಒಳಗಾದ ಹತ್ತೊಂಬತ್ತು ಜನರಲ್ಲಿ ಒಂಬತ್ತು ಮಂದಿ ಸಾವಿಗೀಡಾದರು. ಎಲ್ಲ ಕಡೆಯೂ ಕ್ರಮ ಒಂದೇ ಆಗಿತ್ತು. ನಿದ್ರಿಸುತ್ತಿದ್ದವರ ತಲೆಗೆ ಭಾರವಾದ ಮೊಂಡು ಆಯುಧದಿಂದ ಹೊಡೆತ ಬೀಳುತ್ತಿತ್ತು. ಬದುಕುಳಿದವರಾರೂ ಹೊಡೆದವನನ್ನು ಸರಿಯಾಗಿ ಕಂಡಿರಲಿಲ್ಲ.

ಆ ಸಮಯದಲ್ಲಿ ಅದೇ ಪರಿಸರದಲ್ಲಿ ಅಲೆದಾಡುತ್ತಿದ್ದ ಒಬ್ಬ ವ್ಯಕ್ತಿಯನ್ನು ಪೊಲೀಸರು ಹಿಡಿದು ವಿಚಾರಿಸಿದರು. ಅವನು ಹಿಂದೆ ದರೋಡೆಯ ಅಪರಾಧಕ್ಕಾಗಿ ಐದು ವರ್ಷ ಸೆರೆಮನೆಯಲ್ಲಿದ್ದವನು. ಆದ ಕಾರಣ ಅವನ ಕಡತವೊಂದು ಪೊಲೀಸರ ಬಳಿ ಮೊದಲೇ ಇತ್ತು. ಅವನೇ ರಮಣ ರಾಘವ. ಆದರೆ ಅವನನ್ನು ಆ ಕೊಲೆಗಳಿಗೆ ಜೋಡಿಸಬಲ್ಲ ಯಾವ ಸಾಕ್ಷ್ಯವೂ ದೊರೆಯಲಿಲ್ಲ. ಅನುಮಾನದ ಬಲದಿಂದ ಯಾರನ್ನೂ ಕಂಬಿಗಳ ಹಿಂದೆ ಇಟ್ಟುಕೊಳ್ಳುವಂತಿರಲಿಲ್ಲವಾದ್ದರಿಂದ ಅವನನ್ನು ಬಿಟ್ಟುಬಿಡಬೇಕಾಯಿತು. ಅವನ ಭಾವಚಿತ್ರ ಮತ್ತು ಚಹರೆಯ ವಿವರಗಳು ಮಾತ್ರ ಕಡತದಲ್ಲಿ ಉಳಿದವು. ಓದುಗರು ಈ ಸಣ್ಣ ಸಂಗತಿಯನ್ನು ನೆನಪಿನಲ್ಲಿಡಬೇಕೆಂದು ನಾವು ಕೋರುತ್ತೇವೆ, ಏಕೆಂದರೆ ಮುಂದಿನ ಎಲ್ಲಕ್ಕೂ ಆಧಾರವಾದದ್ದು ಅದೇ.

1968ರ ಮಳೆಗಾಲದಲ್ಲಿ ಕೊಲೆಗಳು ಮತ್ತೆ ಆರಂಭವಾದವು. ಈ ಬಾರಿ ಅವು ಮಲಾಡ್ ಮತ್ತು ಅದರ ಆಸುಪಾಸಿನ ಪಶ್ಚಿಮ ಹಾಗೂ ಉತ್ತರ ಉಪನಗರಗಳಲ್ಲಿ ನಡೆದವು. ಆ ಪ್ರದೇಶಗಳು ಇಂದಿನಂತೆ ಗಗನಚುಂಬಿ ಕಟ್ಟಡಗಳಿಂದ ತುಂಬಿರಲಿಲ್ಲ. ರೈಲು ನಿಲ್ದಾಣದಿಂದ ಸ್ವಲ್ಪ ದೂರ ನಡೆದರೆ ಗದ್ದೆ, ಪೊದೆ, ಜೌಗು ನೆಲ, ಅಲ್ಲಲ್ಲಿ ತಬೇಲೆ, ಕೂಲಿಕಾರರ ಗುಡಿಸಲುಗಳು ಕಾಣಸಿಗುತ್ತಿದ್ದವು. ಬೀದಿ ದೀಪಗಳು ವಿರಳವಾಗಿದ್ದವು. ಸತ್ತವರೆಲ್ಲರೂ ಬಡವರು. ಸೆಕೆಗೋ ಜಾಗದ ಅಭಾವಕ್ಕೋ ಹೊರಗೆ ಮಲಗಿದವರು ಅಥವಾ ಗಟ್ಟಿಯಾದ ಬಾಗಿಲಿಲ್ಲದ ಜೋಪಡಿಗಳಲ್ಲಿ ಮಲಗಿದವರು. ಅವರ ಬಳಿ ದೋಚಲು ಏನೂ ಇರಲಿಲ್ಲ. ಕೊಲೆಗೆ ಕಾರಣವೇ ಕಾಣದಿದ್ದುದರಿಂದ ಜನರ ಭಯವು ನೂರ್ಮಡಿಯಾಯಿತು.

ಆ ವರ್ಷದ ಭೀತಿಯನ್ನು ನಮ್ಮ ಹಿರಿಯರು ಇಂದಿಗೂ ಮರೆತಿಲ್ಲ. ಊರಿನಿಂದ ಬರಿಗೈಯಲ್ಲಿ ಬಂದು ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಕಲಿತು ಬೆಳೆದ ತಲೆಮಾರು ನಮ್ಮದು. ಮೇಜುಗಳನ್ನು ಬದಿಗೆ ಸರಿಸಿ ಹೋಟೆಲಿನ ನೆಲದ ಮೇಲೆ, ಜಾಗ ಸಾಲದಿದ್ದರೆ ಅಂಗಡಿಯ ಜಗಲಿಯಲ್ಲಿ ಅಥವಾ ಫುಟ್‌ಪಾತಿನಲ್ಲಿ ಚಾಪೆ ಹಾಸಿ ಮಲಗುವುದು ಆ ಹುಡುಗರ ನಿತ್ಯಕ್ರಮ. ಕೊಲೆಗಾರನು ಹುಡುಕುತ್ತಿದ್ದದ್ದು ಇಂಥವರನ್ನೇ. ಉಪನಗರಗಳಲ್ಲಿ ಜನರು ಕೋಲು ಹಿಡಿದು ಸರದಿಯ ಮೇಲೆ ರಾತ್ರಿಯಿಡೀ ಕಾವಲು ಕಾಯತೊಡಗಿದರು. ಕೊಲೆಗಾರನು ಬೆಕ್ಕಾಗಿಯೋ ಗಿಳಿಯಾಗಿಯೋ ಮಾರ್ಪಟ್ಟು ಮಾಯವಾಗುತ್ತಾನೆ ಎಂಬ ವದಂತಿಗಳು ಹಬ್ಬಿದವು. ಅಪರಿಚಿತರನ್ನು, ಭಿಕ್ಷುಕರನ್ನು ಅವನೇ ಇವನೆಂದು ಭಾವಿಸಿ ಜನರು ಥಳಿಸಿದ ಪ್ರಸಂಗಗಳೂ ನಡೆದವು. ಒಬ್ಬ ಕೊಲೆಗಾರನು ಸಿಗದಿದ್ದಾಗ ನಿರಪರಾಧಿಗಳ ಪ್ರಾಣಕ್ಕೂ ಅಪಾಯ ಒದಗುತ್ತದೆ ಎಂಬುದಕ್ಕೆ ಆ ದಿನಗಳು ಸಾಕ್ಷಿಯಾಗಿವೆ.

ಇಂಥ ವೇಳೆಯಲ್ಲಿ ತನಿಖೆಯ ಸೂತ್ರವು ಕುಲಕರ್ಣಿಯವರ ಕೈಗೆ ಬಂದಿತು. ಕೊಲೆಗಾರನ ಮತ್ತು ಕೊಲೆಯಾದವರ ನಡುವೆ ಪರಿಚಯವೋ ವೈರವೋ ಇದ್ದರೆ ಪೊಲೀಸರಿಗೆ ಹಿಡಿಯಲು ಎಳೆಯೊಂದು ಸಿಗುತ್ತದೆ. ಇಲ್ಲಿ ಅಂಥ ಎಳೆಯೇ ಇರಲಿಲ್ಲ. ಆದುದರಿಂದ ತನಿಖೆಯು ಹಳೆಯ ಕಡತಗಳತ್ತ ಹೊರಳಿತು. ಎರಡು ವರ್ಷ ಹಿಂದಿನ ಪೂರ್ವ ಉಪನಗರಗಳ ಹಲ್ಲೆಗಳಿಗೂ ಈಗಿನವುಗಳಿಗೂ ಇರುವ ಹೋಲಿಕೆ ಸ್ಪಷ್ಟವಾಗಿತ್ತು. ಆಗ ಹಿಡಿದು ಬಿಟ್ಟಿದ್ದ ವ್ಯಕ್ತಿಯ ಭಾವಚಿತ್ರ ಮತ್ತು ಚಹರೆಯ ವಿವರ ಪೊಲೀಸರ ಕೈಯಲ್ಲಿದ್ದವು. ನಗರವಿಡೀ ಶೋಧ ಆರಂಭವಾಯಿತು. ಒಂದೆಡೆ ರಾತ್ರಿಯ ಗಸ್ತು, ಇನ್ನೊಂದೆಡೆ ಆ ಒಂದು ಮುಖದ ಹುಡುಕಾಟ.

1968ರ ಆಗಸ್ಟ್ 27ರಂದು ಆ ಮುಖ ಕಣ್ಣಿಗೆ ಬಿತ್ತು. ಕಂಡವರು ಡೋಂಗ್ರಿ ಪೊಲೀಸ್ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಅಲೆಕ್ಸ್ ಫಿಯಾಲೋ. ಖಾಕಿ ಚಡ್ಡಿ ಮತ್ತು ನೀಲಿ ಅಂಗಿ ತೊಟ್ಟ ಒಬ್ಬ ಮನುಷ್ಯನು ದಕ್ಷಿಣ ಮುಂಬಯಿಯ ಬೀದಿಯಲ್ಲಿ ಹೋಗುತ್ತಿದ್ದನು. ಅವನ ಮುಖವು ಕಡತದ ಭಾವಚಿತ್ರವನ್ನು ಹೋಲುತ್ತಿತ್ತು. ಅವನ ಕೈಯಲ್ಲಿದ್ದ ಕೊಡೆ ಒದ್ದೆಯಾಗಿತ್ತು, ಆದರೆ ಆ ಭಾಗದಲ್ಲಿ ಮಳೆ ಬಿದ್ದಿರಲಿಲ್ಲ. ವಿಚಾರಿಸಿದಾಗ ಅವನು ಮಲಾಡಿನ ಕಡೆಯಿಂದ ಬಂದವನೆಂದು ತಿಳಿಯಿತು. ಮುಂಬಯಿಯ ಮಳೆಯ ಸ್ವಭಾವ ನಮಗೆಲ್ಲ ಗೊತ್ತು. ಒಂದು ಉಪನಗರದಲ್ಲಿ ಧಾರಾಕಾರವಾಗಿ ಸುರಿಯುವಾಗ ಇನ್ನೊಂದು ಕಡೆ ಬಿಸಿಲು ಇರುತ್ತದೆ. ಫಿಯಾಲೋ ಅವರು ಆ ಒದ್ದೆ ಕೊಡೆಯನ್ನು ಗಮನಿಸಿ, ಪಂಚರನ್ನು ಕರೆದು, ಅವರ ಸಮಕ್ಷಮ ಅವನ ಬಳಿಯಿದ್ದ ವಸ್ತುಗಳನ್ನು ಪರಿಶೀಲಿಸಿದರು.

ಆ ವಸ್ತುಗಳು ಬಹಳ ಸಾಮಾನ್ಯವಾದವು. ಒಂದು ಕನ್ನಡಕ, ಎರಡು ಬಾಚಣಿಗೆಗಳು, ಒಂದು ಕತ್ತರಿ, ಊದುಬತ್ತಿ ಸಿಕ್ಕಿಸುವ ಸ್ಟ್ಯಾಂಡು, ಸಾಬೂನು, ಬೆಳ್ಳುಳ್ಳಿ, ಚಹಾಪುಡಿ, ಅಂಕಿಗಳನ್ನು ಬರೆದ ಎರಡು ಕಾಗದದ ಚೂರುಗಳು. ಆದರೆ ಅವನ ಬಟ್ಟೆಗಳ ಮೇಲೆ ರಕ್ತದ ಕಲೆಗಳಿದ್ದವು, ಪಾದರಕ್ಷೆಗಳಿಗೆ ಕೆಸರು ಮೆತ್ತಿತ್ತು. ಪಂಚನಾಮೆಯಲ್ಲಿ ಈ ಪ್ರತಿಯೊಂದೂ ದಾಖಲಾಯಿತು. ಪಾಡ್‌ಕಾಸ್ಟ್‌ಗಳು ಬಂಧನದ ಕ್ಷಣವನ್ನು ರೋಚಕವಾಗಿ ಹೇಳುತ್ತವೆ. ನ್ಯಾಯಾಲಯಕ್ಕೆ ಮುಖ್ಯವಾಗುವುದು ಆ ಕ್ಷಣದಲ್ಲಿ ಬರೆದಿಟ್ಟ ಈ ನೀರಸವಾದ ಪಟ್ಟಿಯೇ.

ಇಲ್ಲಿ ಬೆರಳಚ್ಚಿನ ಕುರಿತು ಎರಡು ಮಾತು ಹೇಳುವುದು ಯುಕ್ತ. ಬೆರಳಚ್ಚುಗಳಿಂದ ವ್ಯಕ್ತಿಯನ್ನು ಗುರುತಿಸುವ ಬ್ಯೂರೋ 1897ರಲ್ಲಿ ಕಲಕತ್ತೆಯಲ್ಲಿ ಆರಂಭವಾಯಿತು. ಎಡ್ವರ್ಡ್ ಹೆನ್ರಿಯವರ ಹೆಸರಿನಲ್ಲಿ ಜಗತ್ಪ್ರಸಿದ್ಧವಾದ ವರ್ಗೀಕರಣ ಪದ್ಧತಿಯ ಹಿಂದೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರ ದುಡಿಮೆಯಿತ್ತು. ಹತ್ತೂ ಬೆರಳುಗಳ ಅಚ್ಚನ್ನು ಒಂದು ಚೀಟಿಯಲ್ಲಿ ತೆಗೆದು, ಗೆರೆಗಳ ಸುಳಿ, ಕುಣಿಕೆ, ಕಮಾನುಗಳ ಆಧಾರದಿಂದ ಅದಕ್ಕೊಂದು ಸೂತ್ರ ಕೊಟ್ಟು, ಆ ಸೂತ್ರದ ಪ್ರಕಾರ ಜೋಡಿಸಿಡುವುದೇ ಆ ಪದ್ಧತಿಯ ಸಾರ. ಮನುಷ್ಯನು ಹೆಸರನ್ನೂ ಊರನ್ನೂ ಬದಲಿಸಬಹುದು, ಬೆರಳಿನ ಗೆರೆಗಳನ್ನು ಬದಲಿಸಲಾರ. ಸಿಕ್ಕಿದ ವ್ಯಕ್ತಿಗೆ ಸಿಂಧಿ ದಳವಾಯಿ, ಅಣ್ಣ, ತಂಬಿ, ವೇಲುಸ್ವಾಮಿ ಎಂದು ಹಲವು ಹೆಸರುಗಳಿದ್ದವು. ಹಳೆಯ ಚೀಟಿಯೊಂದಿಗೆ ಹೋಲಿಸಿ ನೋಡಿದಾಗ ಈ ಎಲ್ಲ ಹೆಸರುಗಳ ಹಿಂದಿರುವವನು ರಮಣ ರಾಘವನೇ ಎಂಬುದು ಸಿದ್ಧವಾಯಿತು. 1966ರಲ್ಲಿ ಅವನನ್ನು ಹಿಡಿದಿಡಲು ಆ ದಾಖಲೆಗಳು ಸಾಲದೆ ಹೋಗಿದ್ದವು. 1968ರಲ್ಲಿ ಅವನನ್ನು ಗುರುತಿಸಿಕೊಟ್ಟವು ಅವೇ ದಾಖಲೆಗಳು.

ಹಾಗಾದರೂ ಬೆರಳಚ್ಚು ಇಲ್ಲಿ ಹೇಳಿದ್ದು ಅವನು ಯಾರೆಂಬುದನ್ನು ಮಾತ್ರ, ಅವನು ಏನು ಮಾಡಿದನೆಂಬುದನ್ನಲ್ಲ. ಬಟ್ಟೆಯ ಮೇಲಿನ ರಕ್ತಕ್ಕೂ ಮಿತಿಗಳಿದ್ದವು. ಅಂದಿನ ವಿಧಿವಿಜ್ಞಾನವು ಕಲೆಯು ರಕ್ತದ್ದೇ, ಮನುಷ್ಯನದೇ, ಯಾವ ಗುಂಪಿನದು ಎಂದು ಹೇಳಬಲ್ಲದಾಗಿತ್ತು. ಯಾರ ರಕ್ತವೆಂದು ಬೆರಳಿಟ್ಟು ತೋರಿಸಬಲ್ಲ ಡಿ.ಎನ್.ಎ. ಪರೀಕ್ಷೆಯನ್ನು ಇಂಗ್ಲೆಂಡಿನ ಅಲೆಕ್ ಜೆಫ್ರೀಸ್ ಕಂಡುಹಿಡಿದದ್ದು 1984ರಲ್ಲಿ. ಆದುದರಿಂದ ಕುಲಕರ್ಣಿಯವರ ಮುಂದಿದ್ದ ನಿಜವಾದ ಕೆಲಸವು ಬಂಧನದ ನಂತರವೇ ಆರಂಭವಾಯಿತೆನ್ನಬಹುದು.

ರಮಣ ರಾಘವನು ಬಹಳ ದಿನ ಬಾಯಿ ಬಿಡಲಿಲ್ಲ. ಯಾವ ಪ್ರಶ್ನೆಗೂ ಅವನಿಂದ ಉತ್ತರ ಬರುತ್ತಿರಲಿಲ್ಲ. ಕಡೆಗೊಮ್ಮೆ ಏನು ಬೇಕೆಂದು ಕೇಳಿದಾಗ ಅವನು ಕೋಳಿಯ ಊಟ ಬೇಡಿದನು. ಪೊಲೀಸರು ಅದನ್ನು ತರಿಸಿಕೊಟ್ಟರು. ತಲೆಗೆ ಎಣ್ಣೆ, ಬಾಚಣಿಗೆ, ಕನ್ನಡಿಗಳನ್ನು ಕೇಳಿದನು, ಅವೂ ದೊರೆತವು. ತೃಪ್ತನಾದ ಬಳಿಕ ಅವನು ತನ್ನ ಕೃತ್ಯಗಳನ್ನು ಒಂದೊಂದಾಗಿ ಹೇಳತೊಡಗಿದನು. ಕೇಳಿದವರಿಗೆ ಮೈ ಝುಂ ಎನ್ನುವಂತಹ ವಿವರಗಳು ಹೊರಬಂದವು.

ಆದರೆ ನಮ್ಮ ಕಾನೂನಿನ ಪ್ರಕಾರ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಗೆ ಬೆಲೆಯಿಲ್ಲ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 25ನೆಯ ಕಲಮು ಅದನ್ನು ಸಾಕ್ಷ್ಯವಾಗಿ ಬಳಸಲು ಬಿಡುತ್ತಿರಲಿಲ್ಲ. ಹೊಡೆದು ಬಡಿದು ಒಪ್ಪಿಸುವ ಚಟಕ್ಕೆ ಕಡಿವಾಣ ಹಾಕುವುದೇ ಅದರ ಉದ್ದೇಶ. ಆರೋಪಿಯ ಮಾತಿನಿಂದ ಹೊಸದೊಂದು ವಸ್ತು ಪತ್ತೆಯಾದರೆ ಮಾತ್ರ, ಆ ಪತ್ತೆಗೆ ಸಂಬಂಧಿಸಿದಷ್ಟು ಭಾಗವನ್ನು 27ನೆಯ ಕಲಮಿನಂತೆ ಮುಂದಿಡಬಹುದಿತ್ತು. ರಮಣ ರಾಘವನು ಪೊಲೀಸರನ್ನೂ ಪಂಚರನ್ನೂ ಉತ್ತರ ಉಪನಗರಗಳ ಉದ್ದಕ್ಕೂ ಕರೆದೊಯ್ದು, ತಾನು ಅಡಗಿಸಿಟ್ಟಿದ್ದ ಕಬ್ಬಿಣದ ಹಾರೆಯನ್ನು ತೋರಿಸಿಕೊಟ್ಟನು. ತಲೆಗಳ ಮೇಲಿನ ಗಾಯಗಳಿಗೂ ಆ ಆಯುಧಕ್ಕೂ ನಂಟು ಕಲ್ಪಿಸಲು ಆಗ ಸಾಧ್ಯವಾಯಿತು. ಅನಂತರ ಮ್ಯಾಜಿಸ್ಟ್ರೇಟರ ಮುಂದೆ, ಕಾನೂನು ವಿಧಿಸಿದ ಎಚ್ಚರಿಕೆಗಳೊಂದಿಗೆ, ಅವನ ತಪ್ಪೊಪ್ಪಿಗೆಯು ದಾಖಲಾಯಿತು. ಅವನು ಒಪ್ಪಿಕೊಂಡ ಕೊಲೆಗಳ ಸಂಖ್ಯೆ ಇಪ್ಪತ್ತಕ್ಕೂ ಮಿಗಿಲಾಗಿತ್ತು.

1969ರ ಜೂನ್ ತಿಂಗಳಲ್ಲಿ ಸೆಷನ್ಸ್ ನ್ಯಾಯಾಲಯದಲ್ಲಿ ವಿಚಾರಣೆ ಆರಂಭವಾದಾಗ ಹೊಸ ಪ್ರಶ್ನೆಯೊಂದು ಎದ್ದಿತು. ಆರೋಪಿಗೆ ಬುದ್ಧಿ ಸ್ವಾಧೀನದಲ್ಲಿದೆಯೇ? ಪ್ರತಿವಾದಿ ವಕೀಲರ ಕೋರಿಕೆಯಂತೆ ಅವನನ್ನು ಪೊಲೀಸ್ ಸರ್ಜನರ ನಿಗಾದಲ್ಲಿ ಇರಿಸಲಾಯಿತು. ಸುಮಾರು ಒಂದು ತಿಂಗಳ ಪರೀಕ್ಷೆಯ ನಂತರ ಅವನು ವಿಚಾರಣೆ ಎದುರಿಸಲು ಶಕ್ತನೆಂಬ ವರದಿ ಬಂದಿತು. ಅವನು ತಪ್ಪನ್ನು ಒಪ್ಪಿಕೊಂಡನು. ನಾಯರ್ ಆಸ್ಪತ್ರೆಯ ಮನೋವೈದ್ಯರು ಪ್ರತಿವಾದಿಯ ಪರವಾಗಿ ಸಾಕ್ಷಿ ನುಡಿದು, ಅವನು ದೀರ್ಘಕಾಲದ ಸ್ಕಿಜೋಫ್ರೇನಿಯಾ ರೋಗಿಯೆಂದು ಅಭಿಪ್ರಾಯಪಟ್ಟರು. ಆದರೆ ಕಾನೂನು ಕೇಳುವ ಪ್ರಶ್ನೆ ವೈದ್ಯರು ಕೇಳುವುದಕ್ಕಿಂತ ಬೇರೆ. ಕೃತ್ಯ ಮಾಡುವಾಗ ತಾನೇನು ಮಾಡುತ್ತಿದ್ದೇನೆಂಬ, ಅದು ತಪ್ಪೆಂಬ ಅರಿವು ಅವನಿಗೆ ಇತ್ತೇ ಎಂಬುದಷ್ಟೇ ಅದರ ಕಾಳಜಿ. ನ್ಯಾಯಾಲಯವು ಅವನಿಗೆ ಮರಣದಂಡನೆ ವಿಧಿಸಿತು. ಅವನು ಮೇಲ್ಮನವಿ ಸಲ್ಲಿಸಲು ಒಪ್ಪಲಿಲ್ಲ.

ಮರಣದಂಡನೆಗೆ ಹೈಕೋರ್ಟಿನ ಸಮ್ಮತಿ ಬೇಕು. ಮುಂಬಯಿ ಹೈಕೋರ್ಟು ಮೂವರು ಮನೋವೈದ್ಯರ ಮಂಡಳಿಯೊಂದನ್ನು ರಚಿಸುವಂತೆ ಆದೇಶಿಸಿತು. ಆ ವೈದ್ಯರು ಐದು ಬಾರಿ, ಪ್ರತಿಸಲ ಸುಮಾರು ಎರಡು ತಾಸು, ಅವನೊಡನೆ ಮಾತನಾಡಿದರು. ಜಗತ್ತು ಎರಡಿದೆಯೆಂದೂ ತಾನು ಇರುವುದು ಬೇರೆಯೇ ಒಂದು ಕಾನೂನಿನ ಲೋಕದಲ್ಲೆಂದೂ, ಸರಕಾರವೇ ತನ್ನನ್ನು ಅಪರಾಧಗಳಿಗೆ ಹಚ್ಚಿದೆಯೆಂದೂ ಅವನು ದೃಢವಾಗಿ ನಂಬಿದ್ದನು. ಅವನು ಗುಣವಾಗದ ಮನೋರೋಗಿಯೆಂದು ಮಂಡಳಿಯು ನಿರ್ಣಯಿಸಿತು. ಕೊನೆಗೆ 1987ರಲ್ಲಿ ಹೈಕೋರ್ಟು ಅವನ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಪುಣೆಯ ಯೆರವಡಾ ಕಾರಾಗೃಹದಲ್ಲಿದ್ದ ಅವನು 1995ರಲ್ಲಿ ಅಲ್ಲಿಯ ಸಾಸೂನ್ ಆಸ್ಪತ್ರೆಯಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ಮೃತನಾದನು.

ಇಷ್ಟೊಂದು ಜನರ ತಲೆಯೊಡೆದವನಿಗೆ ಗಲ್ಲು ಆಗಲಿಲ್ಲವಲ್ಲ ಎಂದು ಬೇಸರಿಸುವವರು ನಮ್ಮ ನಡುವೆ ಇದ್ದಾರೆ. ಅವರ ನೋವನ್ನು ನಾವು ಅಲ್ಲಗಳೆಯಲಾರೆವು. ಆದರೆ ಪೊಲೀಸರ ಹೊಣೆಯು ಸತ್ಯವನ್ನು ನ್ಯಾಯಾಲಯದ ಮುಂದೆ ಇಡುವಲ್ಲಿಗೆ ಮುಗಿಯುತ್ತದೆ. ಕೊಲೆಗಳು ನಿಂತವು, ಜನರು ಮತ್ತೆ ನಿದ್ದೆ ಮಾಡಿದರು, ಬೀದಿಯಲ್ಲಿ ಅಪರಿಚಿತರ ಮೇಲೆ ಬೀಳುತ್ತಿದ್ದ ಏಟುಗಳೂ ನಿಂತವು. ಆ ಫಲದಲ್ಲಿ ಫಿಯಾಲೋ ಅವರ ಕಣ್ಣಿಗೂ ಕುಲಕರ್ಣಿಯವರ ತಾಳ್ಮೆಗೂ ಸಮಪಾಲು ಸಲ್ಲಬೇಕು.

ಕೆಲವೇ ವರ್ಷಗಳಲ್ಲಿ ಕುಲಕರ್ಣಿಯವರಿಗೆ ಇನ್ನೂ ಕಠಿಣವಾದ ಪರೀಕ್ಷೆಯೊಂದು ಎದುರಾಯಿತು. ಅದು ನಡೆದದ್ದು ಮುಂಬಯಿಯಿಂದ ದೂರದ ಮರಾಠವಾಡದಲ್ಲಿ, ಪರಭಣಿ ಜಿಲ್ಲೆಯ ಮಾನವತ್ ಎಂಬ ಊರಿನಲ್ಲಿ. ನಮ್ಮ ಬೀದರ, ಕಲಬುರಗಿಗಳಂತೆ ಅದೂ ಒಂದು ಕಾಲಕ್ಕೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಪ್ರದೇಶ. 1972ರ ಭೀಕರ ಬರಗಾಲವು ಆ ನಾಡನ್ನು ಹಿಂಡುತ್ತಿದ್ದ ಸಮಯವದು. 1972ರ ನವೆಂಬರಿನಿಂದ 1974ರ ಜನವರಿಯವರೆಗೆ ಅಲ್ಲಿ ಹತ್ತು ಜನರ ಕೊಲೆಯಾಯಿತು. ಸತ್ತವರೆಲ್ಲರೂ ಹೆಣ್ಣುಗಳು. ಹತ್ತು ವರ್ಷದ ಆಸುಪಾಸಿನ ಬಾಲೆಯರು, ಮಧ್ಯವಯಸ್ಸಿನ ಹೆಂಗಸರು, ಜೊತೆಗೆ ಒಂದು ಹಸುಗೂಸು. ಸ್ಥಳೀಯ ಪೊಲೀಸರಿಗೆ ಸುಳಿವು ದೊರೆಯದಿದ್ದಾಗ ತನಿಖೆಯ ಭಾರವು ಕುಲಕರ್ಣಿಯವರ ಮತ್ತು ಅವರ ತಂಡದ ಮೇಲೆ ಬಿದ್ದಿತು.

ಮುಂಬಯಿಯಲ್ಲಿ ಕಾರಣವಿಲ್ಲದ ಕೊಲೆಗಳನ್ನು ಎದುರಿಸಿದ್ದ ಅವರಿಗೆ ಮಾನವತ್‌ನಲ್ಲಿ ತದ್ವಿರುದ್ಧವಾದ ಸನ್ನಿವೇಶ ಎದುರಾಯಿತು. ಇಲ್ಲಿ ಕಾರಣವಿತ್ತು, ಆದರೆ ಅದು ಮೂಢನಂಬಿಕೆಯ ಕತ್ತಲಲ್ಲಿ ಹುದುಗಿತ್ತು. ಅರಳಿಮರದ ಕೆಳಗೆ ನಿಧಿ ಇದೆ, ಮರದಲ್ಲಿರುವ ಮುಂಜ್ಯಾ ಎಂಬ ಭೂತಕ್ಕೆ ರಕ್ತ ಕೊಟ್ಟರೆ ನಿಧಿ ಕೈಸೇರುತ್ತದೆ ಮತ್ತು ಸಂತಾನಭಾಗ್ಯ ಒದಗುತ್ತದೆ ಎಂಬ ನಂಬಿಕೆಯಿಂದ ಈ ಕೊಲೆಗಳು ನಡೆದವೆಂಬುದು ಪೊಲೀಸರು ನ್ಯಾಯಾಲಯದ ಮುಂದಿಟ್ಟ ವಾದ. ಊರಿನ ಪ್ರಭಾವಿ ವ್ಯಕ್ತಿ ಹಾಗೂ ಅವನ ಸಂಗಾತಿ ಪ್ರೇರಕರು, ಬಡವರಾದ ಬೇರೆ ಕೆಲವರು ಕೃತ್ಯವೆಸಗಿದವರು ಎಂದು ಆರೋಪಿಸಲಾಯಿತು. ಊರಿನ ಜನರಿಗೆ ಬಾಯಿ ಬಿಡಲು ಭಯ. ಕಂಡವರು ಇರಲಿಲ್ಲ, ಇದ್ದರೂ ಹೇಳುವವರಿರಲಿಲ್ಲ. ಕಡೆಗೆ ಕೃತ್ಯದಲ್ಲಿ ಪಾಲಿದ್ದವರನ್ನೇ ಮಾಫಿ ಸಾಕ್ಷಿಗಳನ್ನಾಗಿಸಿ ಪ್ರಕರಣವನ್ನು ಕಟ್ಟಬೇಕಾಯಿತು.

ಸೆಷನ್ಸ್ ನ್ಯಾಯಾಲಯದಿಂದ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋದ ಈ ಪ್ರಕರಣದ ತೀರ್ಪು 1977ರಲ್ಲಿ ಹೊರಬಿದ್ದಿತು. ದಗಡು ವಿರುದ್ಧ ಮಹಾರಾಷ್ಟ್ರ ರಾಜ್ಯ ಎಂಬ ಹೆಸರಿನ ಆ ತೀರ್ಪನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಸಹಾಪರಾಧಿಯ ಮಾತಿನ ಮೇಲೆ ಶಿಕ್ಷೆ ವಿಧಿಸುವುದು ಕಾನೂನುಬಾಹಿರವೇನೂ ಅಲ್ಲ, ಆದರೆ ಮುಖ್ಯ ಸಂಗತಿಗಳಲ್ಲಿ ಬೇರೆ ಸ್ವತಂತ್ರ ಸಾಕ್ಷ್ಯದ ಬೆಂಬಲವಿಲ್ಲದೆ ಅದನ್ನು ನೆಚ್ಚುವುದು ವಿವೇಕವಲ್ಲ ಎಂಬ ತತ್ತ್ವವನ್ನು ಅದು ಸ್ಪಷ್ಟಪಡಿಸಿತು. ಕೃತ್ಯವೆಸಗಿದವರಲ್ಲಿ ಕೆಲವರಿಗೆ ಕಠಿಣ ಶಿಕ್ಷೆಯಾಯಿತು. ಪ್ರೇರಕರೆಂದು ಆರೋಪಿಸಲಾಗಿದ್ದ ಇಬ್ಬರು ಮಾತ್ರ, ಅಂಥ ಬೆಂಬಲದ ಸಾಕ್ಷ್ಯ ಸಾಲದೆ ಬಿಡುಗಡೆ ಹೊಂದಿದರು.

ತನಿಖೆಗಾಗಿ ಹಗಲಿರುಳು ದುಡಿದ ಅಧಿಕಾರಿಗೆ ಇದು ಸುಲಭವಾಗಿ ಜೀರ್ಣವಾಗುವ ಫಲಿತಾಂಶವಲ್ಲ. ಆದರೆ ಭಾರತದ ಸಾಕ್ಷ್ಯಶಾಸ್ತ್ರದ ಇತಿಹಾಸದಲ್ಲಿ ಇದು ಹೊಸದೂ ಅಲ್ಲ. ಬಂಗಾಳದ ಜಲಪಾಯಿಗುಡಿಯಲ್ಲಿ ಚಹಾ ತೋಟದ ಮ್ಯಾನೇಜರನೊಬ್ಬನ ಕೊಲೆಯಾದಾಗ, ಪಂಚಾಂಗದ ಮೇಲೆ ಉಳಿದ ಒಂದು ಬೆರಳಚ್ಚು ಹಳೆಯ ಸೇವಕನನ್ನು ತೋರಿಸಿಕೊಟ್ಟಿತು. 1898ರ ಆ ಪ್ರಕರಣದಲ್ಲಿ ನ್ಯಾಯಾಲಯವು ಅವನನ್ನು ಕಳ್ಳತನಕ್ಕಾಗಿ ಶಿಕ್ಷಿಸಿತು, ಕೊಲೆಯ ಆರೋಪದಿಂದ ಬಿಡುಗಡೆ ಮಾಡಿತು. ಬೆರಳಚ್ಚು ಅವನು ಅಲ್ಲಿದ್ದನೆಂಬುದನ್ನು ಹೇಳಿತ್ತೇ ಹೊರತು ಕೊಂದನೆಂಬುದನ್ನಲ್ಲ. ಸಾಕ್ಷ್ಯವು ಎಷ್ಟು ಹೇಳುತ್ತದೆಯೋ ಅಷ್ಟನ್ನೇ ನಂಬುವ ಈ ಶಿಸ್ತು ಒಮ್ಮೊಮ್ಮೆ ತಪ್ಪಿತಸ್ಥನಿಗೆ ನೆರವಾಗಬಹುದು. ಆದರೆ 1968ರಲ್ಲಿ ಬೀದಿಯಲ್ಲಿ ಏಟು ತಿಂದ ಭಿಕ್ಷುಕನಂತಹ ನಿರಪರಾಧಿಗೆ ಅದೊಂದೇ ರಕ್ಷೆ. ಕುಲಕರ್ಣಿಯವರ ಎರಡು ದೊಡ್ಡ ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನಮಗೆ ಕಾಣುವ ಪಾಠವಿದು.

ಮುಂದೆ ಅವರು ಹಂತಹಂತವಾಗಿ ಮೇಲೇರಿ ಮಹಾರಾಷ್ಟ್ರ ರಾಜ್ಯದ ಪೊಲೀಸ್ ಮಹಾನಿರ್ದೇಶಕರ ಹುದ್ದೆಯವರೆಗೆ ತಲುಪಿದರು. ಅವರನ್ನು ಭಾರತದ ಶೆರ್ಲಾಕ್ ಹೋಮ್ಸ್ ಎಂದು ಕರೆಯುವ ವಾಡಿಕೆ ಬೆಳೆಯಿತು. ಆದರೆ ಕಥೆಯ ಹೋಮ್ಸನಿಗೂ ಅವರಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಹೋಮ್ಸನು ಅಪರಾಧಿಯನ್ನು ಗುರುತಿಸಿದೊಡನೆ ಕಥೆ ಮುಗಿಯುತ್ತದೆ. ಕುಲಕರ್ಣಿಯವರಿಗೆ ಅಲ್ಲಿಂದ ಮುಂದೆ ಪಂಚನಾಮೆ, ಪ್ರಯೋಗಾಲಯದ ವರದಿ, ಮ್ಯಾಜಿಸ್ಟ್ರೇಟರ ದಾಖಲೆ, ವಕೀಲರ ಪಾಟೀಸವಾಲುಗಳ ದೀರ್ಘ ಹಾದಿ ಇರುತ್ತಿತ್ತು. ತಮ್ಮ ಅನುಭವಗಳನ್ನು ಅವರು ಫುಟ್‌ಪ್ರಿಂಟ್ಸ್ ಆನ್ ದ ಸ್ಯಾಂಡ್ಸ್ ಆಫ್ ಕ್ರೈಮ್ ಎಂಬ ಇಂಗ್ಲಿಷ್ ಗ್ರಂಥದಲ್ಲಿ ಬರೆದಿಟ್ಟರು. ಅಪರಾಧದ ಮರಳಿನ ಮೇಲಣ ಹೆಜ್ಜೆಗುರುತುಗಳು ಎಂಬ ಅರ್ಥದ ಆ ಹೆಸರನ್ನು ನೋಡಿದಾಗ ನಮಗೆ ಅವರ್ಸೆಯ ಕಡಲತೀರವೇ ನೆನಪಾಗುತ್ತದೆ. ಮರಳಿನ ಮೇಲಿನ ಹೆಜ್ಜೆಯನ್ನು ತೆರೆ ಬಂದು ಅಳಿಸುವ ಮೊದಲೇ ನೋಡಿ ಗುರುತಿಟ್ಟುಕೊಳ್ಳಬೇಕು ಎಂಬುದನ್ನು ಕರಾವಳಿಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ರಮಣ ರಾಘವನ ಕಥೆಯು 1991ರಲ್ಲಿ ಶ್ರೀರಾಮ್ ರಾಘವನ್ ಅವರ ನಿರ್ದೇಶನದಲ್ಲಿ ಚಿತ್ರವಾಯಿತು, ಅದರಲ್ಲಿ ರಘುವೀರ್ ಯಾದವ್ ಮುಖ್ಯ ಪಾತ್ರ ವಹಿಸಿದ್ದರು. 2016ರಲ್ಲಿ ಅನುರಾಗ್ ಕಶ್ಯಪ್ ಅವರು ಆ ಹೆಸರನ್ನು ಬಳಸಿ ಬೇರೊಂದು ಕಥೆಯನ್ನು ತೆರೆಗೆ ತಂದರು. ಕುಲಕರ್ಣಿಯವರ ಗ್ರಂಥವನ್ನು ಆಧರಿಸಿದ ಮಾನವತ್ ಮರ್ಡರ್ಸ್ ಎಂಬ ಮರಾಠಿ ವೆಬ್ ಸರಣಿಯು 2024ರಲ್ಲಿ ಬಿಡುಗಡೆಯಾಯಿತು. ಅದರಲ್ಲಿ ಆಶುತೋಷ್ ಗೋವಾರಿಕರ್ ಅವರು ಕುಲಕರ್ಣಿಯವರ ಪಾತ್ರವನ್ನು ನಿರ್ವಹಿಸಿದ್ದಾರೆ. ಅವರು ನಮ್ಮನ್ನಗಲಿ ಎಷ್ಟೋ ವರ್ಷಗಳಾದ ಮೇಲೆ, ಅವರ ಹೆಸರನ್ನೇ ಕೇಳದಿದ್ದ ಯುವಪೀಳಿಗೆಗೆ ಅವರ ಪರಿಚಯವಾದದ್ದು ಬಹುಮಟ್ಟಿಗೆ ಈ ಸರಣಿಯಿಂದ.

ಕಾಲವೂ ಬದಲಾಗಿದೆ. ಸಾಂತಾಕ್ರೂಜ್ ಪೂರ್ವದ ಕಲಿನಾದಲ್ಲಿರುವ ವಿಧಿವಿಜ್ಞಾನ ಪ್ರಯೋಗಾಲಯವು ಇಂದು ಡಿ.ಎನ್.ಎ. ಪರೀಕ್ಷೆಯನ್ನೂ ಮಾಡುತ್ತದೆ. 1872ರ ಸಾಕ್ಷ್ಯ ಅಧಿನಿಯಮದ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮವು ಜಾರಿಯಲ್ಲಿದೆ. ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯಿರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಘಟನಾ ಸ್ಥಳಕ್ಕೆ ಭೇಟಿ ನೀಡಬೇಕೆಂದು ಹೊಸ ನಾಗರಿಕ ಸುರಕ್ಷಾ ಸಂಹಿತೆಯು ಹೇಳುತ್ತದೆ. ಆದರೂ ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಒಪ್ಪದ ಹಳೆಯ ನಿಯಮವು ಹೊಸ ಕಾನೂನಿನಲ್ಲೂ ಉಳಿದುಕೊಂಡಿದೆ. ಉಪಕರಣಗಳು ಎಷ್ಟೇ ಸೂಕ್ಷ್ಮವಾದರೂ ಒದ್ದೆ ಕೊಡೆಯನ್ನು ಗಮನಿಸುವ ಕಣ್ಣು ಮತ್ತು ಕಂಡದ್ದನ್ನು ಕಂಡಂತೆ ಬರೆದಿಡುವ ಕೈ ಇಂದಿಗೂ ಬೇಕೇ ಬೇಕು.

ನಮ್ಮ ಮನೆಗಳಲ್ಲಿ ಮಕ್ಕಳು ಇಂತಹ ಪಾಡ್‌ಕಾಸ್ಟ್ ಕೇಳುವಾಗ ಹಿರಿಯರು ಗದರಿಸುವ ಬದಲು ಸ್ವಲ್ಪ ಹೊತ್ತು ಜೊತೆಗೆ ಕುಳಿತುಕೊಳ್ಳಲಿ ಎಂಬುದು ನಮ್ಮ ವಿನಂತಿ. ಆ ಕಥೆಯಲ್ಲಿ ಸತ್ತವರು ಹೆಸರಿಲ್ಲದ ನೆರಳುಗಳಲ್ಲ, ನಮ್ಮ ಹಿರಿಯರ ಹಾಗೆಯೇ ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದು ಬಯಲಲ್ಲಿ ಮಲಗಿದವರು ಎಂಬುದನ್ನು ತಿಳಿಸಲಿ. ಆ ಬಡವರ ಸಾವನ್ನು ಲೆಕ್ಕಕ್ಕೆ ತೆಗೆದುಕೊಂಡು ಅದಕ್ಕೆ ಉತ್ತರ ಹುಡುಕಿದ ಅಧಿಕಾರಿಯೊಬ್ಬರ ಮೂಲ ನಮ್ಮ ಕಾರವಾರದ ಕರಾವಳಿಯಲ್ಲಿತ್ತು ಎಂಬುದನ್ನೂ ಹೇಳಲಿ. ರಮಾಕಾಂತ ಕುಲಕರ್ಣಿಯವರ ನೆನಪಿಗೆ ಮುಂಬಯಿ ಕನ್ನಡಿಗರೆಲ್ಲರ ಪರವಾಗಿ ನಮ್ಮ ಗೌರವಪೂರ್ವಕ ನಮನಗಳು.